ನೀರಿನಿಂದ ತಂಪಾಗುವ ಕಂಪ್ಯೂಟರಿನಲ್ಲಿ ಫ್ಯಾನ್ ನಿಯಂತ್ರಣ: ಐರೋಲಿಯ ಹವೆಯಲ್ಲಿ ತಾಪಮಾಪನ

ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡಿನ ಶಾಖವನ್ನು ನೀರಿನ ಮೂಲಕ ರೇಡಿಯೇಟರಿಗೆ ಒಯ್ದು ಅಲ್ಲಿಂದ ಗಾಳಿಗೆ ಬಿಡುವ ಕಂಪ್ಯೂಟರಿನಲ್ಲಿ, ಅಳೆದ ತಾಪಮಾನಕ್ಕೆ ತಕ್ಕಂತೆ ರೇಡಿಯೇಟರಿನ ಫ್ಯಾನುಗಳ ವೇಗವನ್ನು ಏರಿಳಿಸುವ ವಿಧಾನ. ಮೇಜಿನ ಮೇಲಿನ ಒಂದೇ ಯಂತ್ರಕ್ಕೂ, ನೂರಾರು ಕಿಲೋವಾಟ್ ಶಾಖ ಹೊರಹಾಕುವ ಡೇಟಾ ಸೆಂಟರಿಗೂ ಇಲ್ಲಿನ ತತ್ತ್ವ ಒಂದೇ. ಯಾವ ತಾಪಮಾನವನ್ನು, ಎಲ್ಲಿ, ಯಾವುದಕ್ಕೆ ಹೋಲಿಸಿ ಅಳೆಯಬೇಕು ಎಂಬ ಪ್ರಶ್ನೆಗೆ ಮಾತ್ರ ಊರಿನ ಹವೆಯನ್ನು ನೋಡಿಯೇ ಉತ್ತರ ಹೇಳಬೇಕಾಗುತ್ತದೆ. ಆ ಹವೆ ಎಷ್ಟು ಮುಖ್ಯವೆಂಬುದು ಐರೋಲಿಯಂಥ ಊರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಐರೋಲಿಯು ಠಾಣೆ ಜಿಲ್ಲೆಯಲ್ಲಿ, ಠಾಣೆ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ನವಿ ಮುಂಬಯಿಯ ಉತ್ತರ ಭಾಗದ ಬಡಾವಣೆ. ಒಂದು ಕಡೆ ಕೊಲ್ಲಿಯ ಉಪ್ಪುನೀರು ಮತ್ತು ಕಾಂಡ್ಲಾ ಕಾಡು, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ, ನಡುವೆ ಠಾಣೆ–ಬೇಲಾಪುರ ರಸ್ತೆ ಮತ್ತು ಅದರ ಬದಿಯ ಕೈಗಾರಿಕಾ ಪ್ರದೇಶ. ಮೈಂಡ್‌ಸ್ಪೇಸ್‌ನಂಥ ಐಟಿ ಆವರಣಗಳು ಬಂದ ಮೇಲೆ ಇಲ್ಲಿ ಕಂಪ್ಯೂಟರ್ ಕೆಲಸದವರು ದಟ್ಟವಾಗಿ ನೆಲೆಸಿದ್ದಾರೆ. ಕರ್ನಾಟಕದ ಕರಾವಳಿಯಿಂದ ಬಂದು ತಲೆಮಾರುಗಳಿಂದ ಇಲ್ಲಿರುವವರ ಜೊತೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ಐರೋಲಿ, ರಬಾಳೆ, ಮಹಾಪೆಗಳ ಪಟ್ಟಿ ಇಂದು ದೇಶದ ಮುಖ್ಯ ಡೇಟಾ ಸೆಂಟರ್ ನೆಲೆಗಳಲ್ಲಿ ಒಂದು. ಪ್ರಿನ್ಸ್‌ಟನ್ ಡಿಜಿಟಲ್ ಗ್ರೂಪ್‌ನ ಎಂಯು1 ಕೇಂದ್ರ ಐರೋಲಿಯಲ್ಲೇ ಇದೆ.

ಹಿನ್ನೆಲೆ

ಕಂಪ್ಯೂಟರನ್ನು ನೀರಿನಿಂದ ತಂಪಾಗಿಸುವುದು ಹೊಸದಲ್ಲ. 1960ರ ದಶಕದ ಐಬಿಎಂ ಸಿಸ್ಟಂ/360 ಮಾದರಿ 91ರಲ್ಲೇ ನೀರಿನ ವ್ಯವಸ್ಥೆ ಇತ್ತು. 1985ರ ಕ್ರೇ-2 ಯಂತ್ರದ ಮಂಡಲಗಳು ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ಮನೆಯ ಕಂಪ್ಯೂಟರಿಗೆ ನೀರು ಬಂದದ್ದು 1990ರ ದಶಕದ ಕೊನೆಯಲ್ಲಿ. ಆಗಿನ ಹವ್ಯಾಸಿಗಳು ಕಾರಿನ ಹೀಟರ್ ರೇಡಿಯೇಟರು, ಅಕ್ವೇರಿಯಂ ಪಂಪು ಜೋಡಿಸಿ ತಾವೇ ಕಟ್ಟಿಕೊಳ್ಳುತ್ತಿದ್ದರು. 2004ರಲ್ಲಿ ಆ್ಯಪಲ್ ತನ್ನ ಪವರ್ ಮ್ಯಾಕ್ ಜಿ5ರ ಅತಿವೇಗದ ಮಾದರಿಗೆ ದ್ರವಶೀತಲೀಕರಣ ಕೊಟ್ಟಿತು. 2009ರಲ್ಲಿ ಬಂದ ಕೋರ್ಸೇರ್ ಎಚ್50ರಂಥ ಮುಚ್ಚಿದ ಸಿದ್ಧಘಟಕಗಳಿಂದ ಇದು ಸಾಮಾನ್ಯ ಬಳಕೆದಾರರ ಕೈಗೆಟುಕಿತು.

ಬೇಡಿಕೆ ಹೆಚ್ಚಿದ್ದು ಶಾಖದಿಂದಲೇ. ಇಂಟೆಲ್ ಐ9-14900ಕೆ ಪ್ರೊಸೆಸರಿನ ಗರಿಷ್ಠ ಟರ್ಬೊ ಶಕ್ತಿ 253 ವಾಟ್, ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿನದು 450 ವಾಟ್. ಎರಡೂ ದುಡಿಯುವ ಯಂತ್ರ ಮುಚ್ಚಿದ ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಇದ್ದಂತೆ. 550 ವಾಟ್ ಎಂದು ಹಿಡಿದರೂ ಒಂದು ಟನ್ ಎಸಿಯ ತಂಪುಮಾಡುವ ಶಕ್ತಿಯಲ್ಲಿ ಸುಮಾರು ಆರರಲ್ಲೊಂದು ಪಾಲು ಆ ಕಂಪ್ಯೂಟರಿಗೇ ಹೋಗುತ್ತದೆ.

ಚಿಪ್ಪಿನ ತಾಪವೇಕೆ ಸಾಲದು

ಮದರ್‌ಬೋರ್ಡಿನ ಬಯಾಸ್ ಸಾಮಾನ್ಯವಾಗಿ ಪ್ರೊಸೆಸರಿನ ಒಳಗಿನ ಸೆನ್ಸರನ್ನು ನೋಡಿ ಫ್ಯಾನು ತಿರುಗಿಸುತ್ತದೆ. ಗಾಳಿಯಿಂದ ತಂಪಾಗುವ ಯಂತ್ರಕ್ಕೆ ಇದು ಸರಿಹೋಗುತ್ತದೆ, ನೀರಿನ ಯಂತ್ರಕ್ಕೆ ಹೊಂದುವುದಿಲ್ಲ. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಸಾಕು, ಚಿಪ್ಪಿನ ತಾಪ ಕ್ಷಣದಲ್ಲಿ 20 ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ. ಆ ಜಿಗಿತಕ್ಕೂ ರೇಡಿಯೇಟರಿಗೂ ಸಂಬಂಧವಿಲ್ಲ. ಅದು ಚಿಪ್ಪಿನಿಂದ ನೀರಿನ ತನಕ ಇರುವ ಲೋಹ ಮತ್ತು ಪೇಸ್ಟಿನ ರೋಧದಲ್ಲಿ ಹುಟ್ಟುವ ಅಂತರ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಅದನ್ನು ತಗ್ಗಿಸಲಾಗದು. ಬಚ್ಚಲೊಲೆಯಲ್ಲಿ ಒಂದು ಸೌದೆ ಭುಗಿಲೆದ್ದರೆ ಹಂಡೆಯ ನೀರಿಗೆ ಅದು ತಟ್ಟುವುದಿಲ್ಲ. ಒಲೆ ಎಷ್ಟು ಹೊತ್ತು ಉರಿಯಿತು ಎಂಬುದಷ್ಟೇ ಹಂಡೆಯಲ್ಲಿ ತಿಳಿಯುತ್ತದೆ. ಕಂಪ್ಯೂಟರಿನ ನೀರೂ ಹಾಗೆಯೇ.

ಲೆಕ್ಕ ಸರಳ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4,186 ಜೂಲ್ ಬೇಕು. ಕೊಳವೆ, ತೊಟ್ಟಿಗಳಲ್ಲಿ ಒಂದು ಲೀಟರ್ ನೀರಿದ್ದು, 550 ವಾಟ್ ಶಾಖ ಅದರೊಳಗೆ ಬರುತ್ತಾ ಹೊರಗೆ ಏನೂ ಹೋಗದಿದ್ದರೂ, ಒಂದು ಡಿಗ್ರಿ ಏರಲು ಏಳೆಂಟು ಸೆಕೆಂಡು ಹಿಡಿಯುತ್ತದೆ. ರೇಡಿಯೇಟರು ಕೆಲಸ ಮಾಡುತ್ತಿರುವಾಗ ಏರಿಕೆ ಇನ್ನೂ ನಿಧಾನ. ಪೂರ್ಣ ಹೊರೆ ಹಾಕಿದ ಮೇಲೆ ನೀರು ಒಂದು ಮಟ್ಟಕ್ಕೆ ನಿಲ್ಲಲು ಹಲವು ನಿಮಿಷಗಳೇ ಬೇಕು. ಆದ್ದರಿಂದ ಫ್ಯಾನನ್ನು ನೀರಿನ ತಾಪಕ್ಕೆ ಕಟ್ಟಿದರೆ ಅದು ತಾನಾಗಿಯೇ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಒಂದೇ ಮಟ್ಟದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಕಾಡುವುದು ಏರಿಳಿತವೇ. ನೀರಿನ ತಾಪವನ್ನು ನೆಚ್ಚುವುದಕ್ಕೆ ಇದೊಂದೇ ಕಾರಣ ಸಾಕು.

ಸೆನ್ಸರನ್ನು ನೀರಿನ ಸುತ್ತಿನಲ್ಲಿ ಎಲ್ಲಿಡಬೇಕು ಎಂಬ ಚರ್ಚೆಗೆ ಅಷ್ಟು ಬೆಲೆಯಿಲ್ಲ. ನಿಮಿಷಕ್ಕೆ ನಾಲ್ಕು ಲೀಟರ್ ಹರಿವಿನಲ್ಲಿ 550 ವಾಟ್ ಶಾಖ ನೀರನ್ನು ಏರಿಸುವುದು ಸುಮಾರು ಎರಡು ಡಿಗ್ರಿಯಷ್ಟೇ. ಅತಿ ಬಿಸಿಯ ಜಾಗಕ್ಕೂ ಅತಿ ತಣ್ಣನೆಯ ಜಾಗಕ್ಕೂ ಇರುವ ವ್ಯತ್ಯಾಸ ಅಷ್ಟೇ. ರೇಡಿಯೇಟರಿನಿಂದ ಹೊರಬರುವ ತುದಿಯಲ್ಲೋ ತೊಟ್ಟಿಯಲ್ಲೋ ಒಂದು ಕಡೆ ಇಟ್ಟು ಅಲ್ಲಿಂದ ಕದಲಿಸದಿದ್ದರೆ ಆಯಿತು. ಹರಿವು ತೀರಾ ಕಡಿಮೆಯಾದಾಗ ಮಾತ್ರ ಈ ಮಾತು ನಿಲ್ಲುವುದಿಲ್ಲ. ಹಾಗಾಗಿ ಪಂಪನ್ನು ತಾಪಕ್ಕೆ ಕಟ್ಟದೆ ಒಂದೇ ವೇಗದಲ್ಲಿ ಓಡಿಸುವುದು ಒಳ್ಳೆಯ ರೂಢಿ.

ಅಳೆಯುವ ಸಾಧನ

ನೀರಿನ ತಾಪಕ್ಕೆ ಬಳಸುವುದು ಬಹುಪಾಲು ಎನ್‌ಟಿಸಿ ಥರ್ಮಿಸ್ಟರ್. ಬಿಸಿಯಾದಂತೆ ಇದರ ರೋಧ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋಓಮ್ ತೋರುವ ಬಗೆ ರೂಢಿಯಲ್ಲಿದೆ. ಅದೇ 40 ಡಿಗ್ರಿಯಲ್ಲಿ ಸುಮಾರು 5.3 ಕಿಲೋಓಮ್‌ಗೆ ಇಳಿಯುತ್ತದೆ. ಕಾಲು ಇಂಚಿನ ತಿರುಪಿನ ಹಿತ್ತಾಳೆ ಜೋಡಣೆಯೊಳಗೆ ಇದನ್ನು ಕೂರಿಸಿರುತ್ತಾರೆ, ಹೊರಗೆ ಎರಡು ತಂತಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಬಿಡಿ ಥರ್ಮಿಸ್ಟರ್ ಸುಲಭವಾಗಿ ಸಿಗುತ್ತದೆ.

ಉಪ್ಪುಗಾಳಿಯ ಊರಿನಲ್ಲಿ ಇದರ ಒಂದು ದೋಷವನ್ನು ಅರಿತಿರಬೇಕು. 40 ಡಿಗ್ರಿಯ ಹತ್ತಿರ ಒಂದು ಡಿಗ್ರಿಗೆ ರೋಧ ಬದಲಾಗುವುದು ಸುಮಾರು 200 ಓಮ್ ಮಾತ್ರ. ಕೊಲ್ಲಿಯ ಕಡೆ ಕಿಟಕಿ ತೆರೆದಿರುವ ಮನೆಯಲ್ಲಿ ಕನೆಕ್ಟರಿನ ಪಿನ್ನು ಕಿಲುಬು ಹಿಡಿದು ಅಷ್ಟು ರೋಧ ಸೇರಿಕೊಂಡರೆ, ನೀರು ಇರುವುದಕ್ಕಿಂತ ಒಂದು ಡಿಗ್ರಿ ತಣ್ಣಗಿದೆ ಎಂದು ತೋರುತ್ತದೆ. ತಂತಿಯೇ ಕಳಚಿದರೆ ರೋಧ ಅಪಾರವಾಗಿ, ನಿಯಂತ್ರಕಕ್ಕೆ ಅದು ಕೊರೆಯುವ ಚಳಿಯಂತೆ ಕಾಣುತ್ತದೆ. ಆಗ ನಿಯಂತ್ರಕ ಫ್ಯಾನನ್ನು ನಿಲ್ಲಿಸಿಬಿಡುತ್ತದೆ. ದೋಷ ಅಪಾಯದ ದಿಕ್ಕಿಗೇ ವಾಲುವುದರಿಂದ, ನಂಬಲಾಗದ ಅಂಕಿ ಬಂದ ಕೂಡಲೇ ಫ್ಯಾನುಗಳನ್ನು ಪೂರ್ಣ ವೇಗಕ್ಕೆ ಒಯ್ಯುವ ನಿಯಮವನ್ನು ನಿಯಂತ್ರಕದಲ್ಲಿ ಬರೆದಿಡಲೇಬೇಕು. ಐರೋಲಿಯಲ್ಲಿ ತಾಪ 10 ಡಿಗ್ರಿಗಿಂತ ಕೆಳಗೆ ಎಂದು ಸೆನ್ಸರ್ ಹೇಳಿದರೆ ಕೆಟ್ಟಿರುವುದು ಸೆನ್ಸರೇ.

ಫ್ಯಾನಿನ ಕಡೆಯ ಭಾಷೆ 2000ದ ದಶಕದ ಮಧ್ಯದಿಂದ ಒಂದೇ ಆಗಿದೆ. ಇಂಟೆಲ್ ರೂಪಿಸಿದ ನಾಲ್ಕು ತಂತಿಯ ಮಾದರಿಯಲ್ಲಿ 12 ವೋಲ್ಟ್, ನೆಲ, ವೇಗ ತಿಳಿಸುವ ತಂತಿ, ವೇಗ ಆಜ್ಞಾಪಿಸುವ ತಂತಿ ಇರುತ್ತವೆ. ಆಜ್ಞೆ 25 ಕಿಲೋಹರ್ಟ್ಸ್‌ನ ಪಿಡಬ್ಲ್ಯುಎಂ ಸಂಕೇತ, ಅಂದರೆ ಕಿವಿಗೆ ಕೇಳದಷ್ಟು ಮೇಲಿನ ಕಂಪನ. ಫ್ಯಾನು ಒಂದು ಸುತ್ತಿಗೆ ಎರಡು ಮಿಡಿತ ಹಿಂದಿರುಗಿಸುತ್ತದೆ. ಆ ಮಿಡಿತಗಳನ್ನು ಎಣಿಸಿದರೆ ಫ್ಯಾನು ನಿಜವಾಗಿ ತಿರುಗುತ್ತಿದೆಯೇ ಎಂಬುದು ತಿಳಿಯುತ್ತದೆ.

ವೇಗ ತಗ್ಗಿಸಿದರೆ ಸಿಗುವ ಲಾಭವೂ ದೊಡ್ಡದು. ಫ್ಯಾನಿನ ನಿಯಮದಂತೆ ಗಾಳಿಯ ಪ್ರಮಾಣ ವೇಗದ ಜೊತೆ ನೇರವಾಗಿ ಇಳಿದರೆ, ಬೇಕಾಗುವ ಶಕ್ತಿ ವೇಗದ ಘನದಂತೆ ಇಳಿಯುತ್ತದೆ. ಅರ್ಧ ವೇಗದಲ್ಲಿ ಅರ್ಧ ಗಾಳಿ, ಎಂಟನೇ ಒಂದು ಪಾಲು ಶಕ್ತಿ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ. ಹಾಗಾಗಿ ಒಂದು ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಮೂರನ್ನು ನಿಧಾನವಾಗಿ ಓಡಿಸುವುದೇ ಮೇಲು.

ನೀರಿನ ತಾಪವೋ, ಅಂತರವೋ

ಈ ವಿಷಯದ ತಿರುಳು ಇಲ್ಲಿದೆ. ರೇಡಿಯೇಟರು ಹೊರಹಾಕುವ ಶಾಖ ನೀರಿನ ತಾಪವನ್ನು ಅವಲಂಬಿಸಿಲ್ಲ. ಅದು ನೀರಿಗೂ ಒಳಬರುವ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ಒಂದೇ ಫ್ಯಾನ್ ವೇಗದಲ್ಲಿ ಅಂತರ ಎರಡು ಪಟ್ಟಾದರೆ ಹೊರಹೋಗುವ ಶಾಖವೂ ಹೆಚ್ಚುಕಡಿಮೆ ಎರಡು ಪಟ್ಟು. ಮಧ್ಯಮ ವೇಗದಲ್ಲಿ 10 ಡಿಗ್ರಿ ಅಂತರವಿದ್ದಾಗ, 120 ಮಿಲಿಮೀಟರಿನ ಒಂದು ಫ್ಯಾನ್ ಹಿಡಿಯುವಷ್ಟು ರೇಡಿಯೇಟರು ಸುಮಾರು 100 ವಾಟ್ ಹೊರಹಾಕುತ್ತದೆ ಎಂಬುದು ಕಟ್ಟುವವರು ಬಳಸುವ ಅಂದಾಜು.

ಈಗ ಬೆಂಗಳೂರಿನಲ್ಲಿ ಹೊಂದಿಸಿದ ಒಂದು ಯಂತ್ರವನ್ನು ನೋಡೋಣ. ನೀರು 30 ಡಿಗ್ರಿ ಇರುವಾಗ ಫ್ಯಾನು ಕನಿಷ್ಠ ವೇಗದಲ್ಲಿ, 40ಕ್ಕೆ ಗರಿಷ್ಠ ವೇಗದಲ್ಲಿ ಎಂದು ರೇಖೆ ಎಳೆದಿದ್ದಾರೆ. ಡಿಸೆಂಬರಿನಲ್ಲಿ ಕೋಣೆ 22 ಡಿಗ್ರಿ ಇದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ಅದೇ ಯಂತ್ರ ಮೇ ತಿಂಗಳಲ್ಲಿ ಐರೋಲಿಗೆ ಬಂದಾಗ ಎಸಿ ಇಲ್ಲದ ಕೋಣೆ 33 ಡಿಗ್ರಿ. ಗಾಳಿಗಿಂತ ತಣ್ಣಗಾಗುವುದು ನೀರಿಗೆ ಸಾಧ್ಯವೇ ಇಲ್ಲ. ಯಂತ್ರ ಸುಮ್ಮನೆ ಕೂತಿರುವಾಗಲೇ ನೀರು 35 ಮುಟ್ಟಿ ಫ್ಯಾನು ಅರ್ಧ ವೇಗದಲ್ಲಿ ಸದ್ದು ಮಾಡುತ್ತದೆ. ಸ್ವಲ್ಪ ಕೆಲಸ ಕೊಟ್ಟರೆ ಪೂರ್ಣ ವೇಗ. ಇಷ್ಟಾಗಿ ಪ್ರಯೋಜನವೂ ಇಲ್ಲ. 43 ಡಿಗ್ರಿಯ ನೀರಿನ ಮೇಲೆ ಚಿಪ್ಪು ಇನ್ನೂ 40 ಡಿಗ್ರಿ ಏರಿದರೂ 83ಕ್ಕೆ ನಿಲ್ಲುತ್ತದೆ, ಇಂಟೆಲ್‌ನ ಮೇಲೆ ಹೇಳಿದ ಪ್ರೊಸೆಸರಿನ ಮಿತಿ 100. ಯಂತ್ರಕ್ಕೆ ಯಾವ ಕಷ್ಟವೂ ಇಲ್ಲದಿರುವಾಗ ಮನೆಯವರು ಸದ್ದು ಸಹಿಸುತ್ತಾರೆ.

ಇದಕ್ಕೆ ಪರಿಹಾರ ಎರಡು ಸೆನ್ಸರು. ಒಂದು ನೀರಿನಲ್ಲಿ, ಇನ್ನೊಂದು ರೇಡಿಯೇಟರಿಗೆ ಗಾಳಿ ಒಳಬರುವ ಬಾಯಲ್ಲಿ. ಫ್ಯಾನಿನ ರೇಖೆಯನ್ನು ಇವೆರಡರ ಅಂತರಕ್ಕೆ ಕಟ್ಟಬೇಕು: ಅಂತರ 3 ಡಿಗ್ರಿಯಾದರೆ ಕನಿಷ್ಠ, 12 ಆದರೆ ಗರಿಷ್ಠ ಎಂಬಂತೆ. ಆಗ ಜನವರಿಯ ಬೆಳಗಿನ 18 ಡಿಗ್ರಿಗೂ ಮೇ ತಿಂಗಳ 34 ಡಿಗ್ರಿಗೂ ಒಂದೇ ರೇಖೆ ಸಾಕು. ಫ್ಯಾನು ಊರಿನ ಬಿಸಿಲಿಗೆ ಓಗೊಡದೆ ಯಂತ್ರದ ಕೆಲಸಕ್ಕೆ ಮಾತ್ರ ಓಗೊಡುತ್ತದೆ. ಅಂತರದ ರೇಖೆಯೊಂದನ್ನೇ ನಂಬುವುದು ಮಾತ್ರ ತಪ್ಪು. ಎಸಿ ನಿಂತು, ಕಿಟಕಿ ಮುಚ್ಚಿ, ಕೋಣೆಯೇ 40ಕ್ಕೆ ಏರಿದರೆ ಅಂತರ ಕಡಿಮೆಯೇ ಇದ್ದರೂ ನೀರು ಅಪಾಯದತ್ತ ಸಾಗುತ್ತಿರಬಹುದು. ಬಳಕೆಯಲ್ಲಿರುವ ಹಲವು ಪಂಪುಗಳ ನೀರಿನ ಮಿತಿ 60 ಡಿಗ್ರಿ. ಆದ್ದರಿಂದ ನೀರಿನ ತಾಪಕ್ಕೆ ಇನ್ನೊಂದು ರೇಖೆ ಇರಬೇಕು: 48ರ ಮೇಲೆ ಪೂರ್ಣ ವೇಗ, 55ಕ್ಕೆ ಎಚ್ಚರಿಕೆ, ಅದನ್ನೂ ದಾಟಿದರೆ ಯಂತ್ರ ಆರಿಸುವುದು. ಎರಡು ರೇಖೆಗಳಲ್ಲಿ ಯಾವುದು ಹೆಚ್ಚು ವೇಗ ಕೇಳುತ್ತದೋ ಅದೇ ನಡೆಯಬೇಕು. ಅಂತರ ನೆಮ್ಮದಿಗೆ, ತಾಪ ಸುರಕ್ಷತೆಗೆ.

ಅಂತರ ಐದೋ ಹತ್ತೋ ಡಿಗ್ರಿ ಇರುವಾಗ ಒಂದು ಡಿಗ್ರಿಯ ತಪ್ಪೂ ದೊಡ್ಡದು. ಎರಡು ಸೆನ್ಸರುಗಳನ್ನೂ ಜೋಡಿಸುವ ಮೊದಲು ಒಂದೇ ಪಾತ್ರೆಯ ನೀರಿನಲ್ಲಿ ಸ್ವಲ್ಪ ಹೊತ್ತು ಒಟ್ಟಿಗೆ ಮುಳುಗಿಸಿ, ತೋರುವ ವ್ಯತ್ಯಾಸವನ್ನು ನಿಯಂತ್ರಕದಲ್ಲಿ ತಿದ್ದಿಕೊಳ್ಳಬೇಕು. ಇಬ್ಬರೂ ಸತ್ಯ ಹೇಳಬೇಕಿಲ್ಲ, ಒಂದೇ ಮಾತು ಹೇಳಿದರೆ ಸಾಕು. ಗಾಳಿಯ ಸೆನ್ಸರಿಗೆ ರೇಡಿಯೇಟರಿನ ಬಿಸಿಗಾಳಿ ಮರಳಿ ತಾಗಬಾರದು, ಎಸಿಯ ಗಾಳಿ ನೇರವಾಗಿಯೂ ಬೀಸಬಾರದು. ರಾತ್ರಿ ಎಸಿ ಹಾಕಿದ ಕೂಡಲೇ ಗಾಳಿ ತಣ್ಣಗಾಗಿ ನೀರು ಹಿಂದೆ ಉಳಿಯುವುದರಿಂದ ಅಂತರ ಹಠಾತ್ತನೆ ಹಿಗ್ಗಿ ಫ್ಯಾನು ಕೂಗುತ್ತದೆ. ಗಾಳಿಯ ಅಂಕಿಗೆ ಕೆಲವು ನಿಮಿಷಗಳ ಸರಾಸರಿ ಹಾಕಿದರೆ ಈ ಕಾಟ ತಪ್ಪುತ್ತದೆ.

ಬೆಂಗಳೂರಿಗೂ ಐರೋಲಿಗೂ ಇನ್ನೊಂದು ವ್ಯತ್ಯಾಸವಿದೆ, ಅದನ್ನು ಗಮನಿಸುವವರು ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿನ ಗಾಳಿ ಸಮುದ್ರತೀರದ್ದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅದೇ ವೇಗದಲ್ಲಿ ತಿರುಗುವ ಫ್ಯಾನು ಅಲ್ಲಿ ಅಷ್ಟು ಕಡಿಮೆ ತೂಕದ ಗಾಳಿಯನ್ನು ಸಾಗಿಸುತ್ತದೆ. ಹೀಗಾಗಿ ಅಂತರದ ರೇಖೆಯನ್ನು ಅಲ್ಲಿಂದ ಇಲ್ಲಿಗೆ ತಂದರೆ ಸ್ವಲ್ಪ ಲಾಭವೇ. ಮಂಗಳೂರು, ಉಡುಪಿ, ಕಾರವಾರಗಳ ಓದುಗರಿಗೆ ಐರೋಲಿಯ ಅಂಕಿಗಳು ಹೆಚ್ಚು ತಿದ್ದದೆ ಒಪ್ಪುತ್ತವೆ.

ನಿಯಂತ್ರಣದ ಬಗೆ

ಸರಳ ರೇಖೆ ಬಹುತೇಕರಿಗೆ ಸಾಕು. ವೇಗ ಏರುವ ತಾಪಕ್ಕೂ ಇಳಿಯುವ ತಾಪಕ್ಕೂ ಒಂದು ಡಿಗ್ರಿಯಷ್ಟು ಎಡೆ ಬಿಟ್ಟರೆ ಗಡಿಯಲ್ಲಿ ಫ್ಯಾನು ತೊಯ್ದಾಡುವುದಿಲ್ಲ. ಗುರಿಯ ಅಂತರವೊಂದನ್ನು ಕೊಟ್ಟು, ಅದನ್ನು ಕಾಯಲು ಬೇಕಾದ ವೇಗವನ್ನು ಯಂತ್ರವೇ ಹುಡುಕಿಕೊಳ್ಳುವ ಪಿಐಡಿ ವಿಧಾನವೂ ಇದೆ. ಕಾರ್ಖಾನೆಗಳಲ್ಲಿ ಅದರ ಗುಣಾಂಕಗಳನ್ನು ಹೊಂದಿಸಲು 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಕೊಟ್ಟ ಕ್ರಮ ಇಂದಿಗೂ ಪಾಠದಲ್ಲಿದೆ. ನೀರಿನಂಥ ನಿಧಾನದ ವ್ಯವಸ್ಥೆಯಲ್ಲಿ ಗುಣಾಂಕ ತಪ್ಪಿದರೆ ಫ್ಯಾನು ನಿಮಿಷಗಟ್ಟಲೆ ಏರಿಳಿಯುತ್ತಲೇ ಇರುತ್ತದೆ. ಮನೆಯ ಯಂತ್ರಕ್ಕೆ ಅದರ ಅಗತ್ಯವಿಲ್ಲ.

ಲಿನಕ್ಸ್‌ನಲ್ಲಿ ಸೆನ್ಸರುಗಳು ಎಚ್‌ಡಬ್ಲ್ಯುಮಾನ್ ಮೂಲಕ ಕಡತಗಳಾಗಿ ಕಾಣಿಸುತ್ತವೆ. ತಾಪ ಡಿಗ್ರಿಯ ಸಾವಿರದ ಭಾಗದಲ್ಲಿ, ಫ್ಯಾನಿನ ಆಜ್ಞೆ 0ಯಿಂದ 255ರ ವರೆಗಿನ ಅಂಕಿಯಲ್ಲಿ ಇರುತ್ತದೆ. ಅಂತರ ಕಳೆಯುವ ಸಣ್ಣ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಆದರೂ ಕಾರ್ಯವ್ಯವಸ್ಥೆಯನ್ನು ನೆಚ್ಚದ ಪ್ರತ್ಯೇಕ ನಿಯಂತ್ರಕವೇ ಒಳ್ಳೆಯದು. ಜರ್ಮನಿಯ ಆಕ್ವಾ ಕಂಪ್ಯೂಟರ್ ಸಂಸ್ಥೆಯ ಕ್ವಾಡ್ರೊ, ಆಕ್ಟೊಗಳಂಥವು ಈ ಬಗೆಯವು. ಯಂತ್ರ ಕಲ್ಲಾಗಿ ಕೂತರೂ ಚಿಪ್ಪು ಬಿಸಿಯಾಗುತ್ತಲೇ ಇರುತ್ತದೆ, ಆಗ ಸ್ಕ್ರಿಪ್ಟು ಓಡುತ್ತಿರುವುದಿಲ್ಲ.

ಎರಡು ಸೆನ್ಸರಿನಿಂದ ಇನ್ನೊಂದು ಉಪಕಾರವೂ ಇದೆ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇಟ್ಟು ತಿಂಗಳಿಗೊಮ್ಮೆ ಅಂತರವನ್ನು ಬರೆದಿಟ್ಟರೆ ರೇಡಿಯೇಟರಿನ ಆರೋಗ್ಯ ತಿಳಿಯುತ್ತದೆ. ಅಂತರ ಬೆಳೆಯುತ್ತಿದ್ದರೆ ತಗಡಿನ ಪದರುಗಳ ನಡುವೆ ಧೂಳು ಕೂತಿದೆ. ಕಟ್ಟಡ ಕೆಲಸ, ಲಾರಿಗಳ ಓಡಾಟ ನಿಲ್ಲದ ಠಾಣೆ–ಬೇಲಾಪುರ ರಸ್ತೆಯ ಬದಿಯಲ್ಲಿ ಇದು ಬೇಗ ಆಗುತ್ತದೆ. ಚಿಪ್ಪಿಗೂ ನೀರಿಗೂ ಇರುವ ಅಂತರ ಬೆಳೆದರೆ ದೋಷ ಪೇಸ್ಟಿನಲ್ಲೋ, ಚಿಪ್ಪಿನ ಮೇಲೆ ಕೂರುವ ನೀರಿನ ಬ್ಲಾಕಿನ ಒಳಗೆ ಕಟ್ಟಿಕೊಂಡ ಕಸದಲ್ಲೋ ಇದೆ.

ಮಳೆಗಾಲ ಮತ್ತು ಇಬ್ಬನಿ ಬಿಂದು

ರೇಡಿಯೇಟರು ಮಾತ್ರ ಇರುವ ಯಂತ್ರದಲ್ಲಿ ನೀರು ಗಾಳಿಗಿಂತ ತಣ್ಣಗಾಗದ ಕಾರಣ ಕೊಳವೆ ಬೆವರುವ ಭಯವಿಲ್ಲ. ಜುಲೈಯ ಜಡಿಮಳೆಯಲ್ಲೂ ಇಲ್ಲ. ನೀರನ್ನು ಗಾಳಿಗಿಂತಲೂ ತಣ್ಣಗೆ ಮಾಡುವ ಚಿಲ್ಲರ್ ಜೋಡಿಸಿದಾಗ ಕಥೆ ಬದಲಾಗುತ್ತದೆ. ಮುಂಬಯಿ ಪ್ರದೇಶದ ಜುಲೈಯಲ್ಲಿ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅದಕ್ಕಿಂತ ತಣ್ಣನೆಯ ಯಾವ ಮೇಲ್ಮೈಯ ಮೇಲೂ ನೀರು ಹನಿಗಟ್ಟುತ್ತದೆ. ಬೇರೆ ದೇಶದವರ ಸಲಹೆ ಓದಿ ನೀರನ್ನು 18 ಡಿಗ್ರಿಗೆ ಇಳಿಸಿದರೆ ಬ್ಲಾಕಿನಿಂದ ಹನಿ ಮದರ್‌ಬೋರ್ಡಿಗೆ ಇಳಿಯುತ್ತದೆ. ಇಲ್ಲಿ ತಾಪದ ಜೊತೆ ಆರ್ದ್ರತೆಯನ್ನೂ ಅಳೆದು ಇಬ್ಬನಿ ಬಿಂದುವನ್ನು ಲೆಕ್ಕಹಾಕಿ, ನೀರನ್ನು ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲೆಯೇ ಹಿಡಿಯಬೇಕು.

ಡೇಟಾ ಸೆಂಟರುಗಳಲ್ಲಿ ಇದು ನಿತ್ಯದ ಕೆಲಸ. ಎನ್‌ವಿಡಿಯಾ 2024ರಲ್ಲಿ ಪ್ರಕಟಿಸಿದ ಜಿಬಿ200 ಎನ್‌ವಿಎಲ್72 ರ‍್ಯಾಕ್ ಒಂದೇ ಸುಮಾರು 120 ಕಿಲೋವಾಟ್ ಶಾಖ ಹೊರಹಾಕುತ್ತದೆ. ಅದನ್ನು ಗಾಳಿಯಿಂದ ಮಾತ್ರ ತಂಪಾಗಿಸುವ ಮಾತೇ ಇಲ್ಲ. ಇಂಥಲ್ಲಿ ಸಿಡಿಯು ಎಂಬ ಘಟಕ ಕಟ್ಟಡದ ನೀರನ್ನೂ ರ‍್ಯಾಕಿನ ನೀರನ್ನೂ ಬೆರೆಯಗೊಡದೆ ಶಾಖವನ್ನು ಮಾತ್ರ ದಾಟಿಸುತ್ತದೆ, ರ‍್ಯಾಕಿಗೆ ಹೋಗುವ ನೀರು ಇಬ್ಬನಿ ಬಿಂದುವಿನ ಕೆಳಗೆ ಇಳಿಯದಂತೆ ಕಾಯುತ್ತದೆ. ಚಾವಣಿಯ ಮೇಲೆ, ನೀರನ್ನು ಗಾಳಿಯಿಂದಷ್ಟೇ ತಂಪಾಗಿಸುವ ಒಣ ಶೀತಕಗಳ ಫ್ಯಾನುಗಳು ಅಲ್ಲಿಂದ ಹೊರಡುವ ನೀರಿನ ತಾಪವನ್ನು ನೋಡಿ ವೇಗ ಬದಲಿಸುತ್ತವೆ. ಮೇಜಿನ ಕಂಪ್ಯೂಟರಿನ ತತ್ತ್ವವೇ ಇಲ್ಲಿ ದೊಡ್ಡದಾಗಿ ನಡೆಯುತ್ತದೆ.

ಎಷ್ಟು ಬಿಸಿಯ ನೀರನ್ನು ಯಂತ್ರ ಒಪ್ಪುತ್ತದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಅಮೆರಿಕದ ಆಶ್ರೇ ಸಂಸ್ಥೆ ಇದನ್ನು ಡಬ್ಲ್ಯು17, ಡಬ್ಲ್ಯು27, ಡಬ್ಲ್ಯು32, ಡಬ್ಲ್ಯು40, ಡಬ್ಲ್ಯು45 ಎಂಬ ವರ್ಗಗಳಾಗಿ ವಿಂಗಡಿಸಿದೆ. ಅಂಕಿ ಒಳಹೋಗುವ ನೀರಿನ ಗರಿಷ್ಠ ತಾಪ. 2010ರಲ್ಲಿ ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ಕಟ್ಟಿದ ಆಕ್ವಾಸಾರ್ ಯಂತ್ರ 60 ಡಿಗ್ರಿಯ ನೀರಿನಲ್ಲಿ ನಡೆದು, ಉಳಿದ ಶಾಖವನ್ನು ಕಟ್ಟಡ ಬೆಚ್ಚಗಿಡಲು ಕೊಟ್ಟಿತು. ಭಾರತದಲ್ಲಿ ಪುಣೆಯ ಐಸರ್ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಪರಮ್ ಬ್ರಹ್ಮ ನೇರ ಸಂಪರ್ಕದ ದ್ರವಶೀತಲೀಕರಣ ಬಳಸಿದ ಯಂತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ, ಅಟೋಸ್‌ನ ಬುಲ್‌ಸಿಕ್ವಾನಾ ಎಕ್ಸ್‌ಎಚ್2000 ಸರಣಿಯದು. ಆ ಸರಣಿಯನ್ನು 40 ಡಿಗ್ರಿಯವರೆಗಿನ ಬೆಚ್ಚನೆ ನೀರಿಗೆ ರೂಪಿಸಲಾಗಿದೆ.

ಐರೋಲಿಗೆ ಈ ಅಂಕಿಗಳ ಅರ್ಥ ನೇರವಾಗಿದೆ. ಹೊರಗಿನ ಗಾಳಿ 36 ಡಿಗ್ರಿ, ಒಣ ಶೀತಕಕ್ಕೆ ಬೇಕಾದ ಅಂತರ 6 ಡಿಗ್ರಿ ಎಂದರೆ 42 ಡಿಗ್ರಿಯ ನೀರು ಸಿಗುತ್ತದೆ. ಡಬ್ಲ್ಯು45 ಯಂತ್ರ ಅಂಥ ಮಧ್ಯಾಹ್ನವನ್ನೂ ಚಿಲ್ಲರ್ ಇಲ್ಲದೆ ಫ್ಯಾನುಗಳಿಂದಲೇ ದಾಟಬಲ್ಲದು. ಡಬ್ಲ್ಯು27 ಯಂತ್ರಕ್ಕೆ ಬಹುಪಾಲು ದಿನ ಕಂಪ್ರೆಸರ್ ಬೇಕೇ ಬೇಕು. ನೀರು ಆವಿಯಾಗಿಸಿ ತಂಪುಮಾಡುವ ಗೋಪುರಗಳು ಒಣಹವೆಯ ಕಲಬುರಗಿಯಲ್ಲಿ ಕೊಡುವಷ್ಟು ಲಾಭವನ್ನು ಮಳೆಗಾಲದ ಕೊಲ್ಲಿತೀರದಲ್ಲಿ ಕೊಡಲಾರವು, ಗಾಳಿಯೇ ತೇವದಿಂದ ತುಂಬಿರುತ್ತದೆ. ಜೊತೆಗೆ ಅವು ಕುಡಿಯುವ ನೀರಿನ ಪಾಲನ್ನು ಕೇಳುತ್ತವೆ. ನವಿ ಮುಂಬಯಿಗೆ ನೀರು ಬರುವುದು ಮೋರ್ಬೆ ಅಣೆಕಟ್ಟಿನಿಂದ. ಕೊಳಚೆನೀರನ್ನು ಶುದ್ಧೀಕರಿಸಿ ಕೈಗಾರಿಕೆಗಳಿಗೆ ಕೊಡುವ ಏರ್ಪಾಡನ್ನು ಪಾಲಿಕೆ ಮಾಡಿದೆ, ಶೀತಲ ಗೋಪುರಗಳಿಗೆ ಆ ನೀರೇ ಸರಿ. ಇಲ್ಲಿ ಹೊಸದಾಗಿ ಕಟ್ಟುವವರು ಬಿಸಿನೀರು ಒಪ್ಪುವ ಯಂತ್ರವನ್ನೇ ಆರಿಸಿ, ಚಾವಣಿಯ ಫ್ಯಾನುಗಳಿಗೆ ಗಾಳಿ ಮತ್ತು ನೀರು ಎರಡರ ಸೆನ್ಸರನ್ನೂ ಮೊದಲ ನಕ್ಷೆಯಲ್ಲೇ ಸೇರಿಸಿಕೊಂಡರೆ, ಚಿಲ್ಲರಿನ ವಿದ್ಯುತ್ತೂ ಗೋಪುರದ ನೀರೂ ಒಟ್ಟಿಗೆ ಉಳಿಯುತ್ತವೆ.